ನೋವು ಕಾಲಿನಿಂದ ಮೇಲಕ್ಕೆ ಬಂದರೆ ಹೆದರಬೇಡಿ

ಸಂಪಾದಕರೇ,

ನಾನು ಬೆಟಗೇರಿಯ ನೇಕಾರ. 28 ವರ್ಷಗಳಿಂದ ಕುಣಿ ಮಗ್ಗದಲ್ಲಿ ಕೂತವನು. ನಮ್ಮ ಓಣಿಯಲ್ಲಿ ನಡ ನೋವಿಲ್ಲದ ಮನೆಯನ್ನು ಹುಡುಕಬೇಕು. ಆದರೆ ಫಿಜಿಯೋಥೆರಪಿಗೆ ಹೋದವರು ಮೂರು-ನಾಲ್ಕು ದಿನಕ್ಕೇ ಬಿಟ್ಟು ಬರುತ್ತಾರೆ. ನಾನೂ ಬಿಡುವವನಿದ್ದೆ.

ಹೋದ ದೀಪಾವಳಿ ಮುಂದೆ ನೂಲಿನ ಗಂಟು ಎತ್ತುವಾಗ ನಡ ಹಿಡಿಯಿತು. ವಾರದೊಳಗೆ ನೋವು ಎಡಗಾಲಿನ ಮೀನಖಂಡಕ್ಕೆ, ಅಲ್ಲಿಂದ ಕಿರುಬೆರಳಿಗೆ ಇಳಿಯಿತು. ಬೆರಳು ಜೋಮು ಹಿಡಿಯಿತು. ಎಡಗಾಲಿನ ತುದಿಬೆರಳ ಮೇಲೆ ನಿಲ್ಲಲು ಆಗುತ್ತಿರಲಿಲ್ಲ. ಎಣ್ಣೆ ತಿಕ್ಕಿಸಿದೆ. ಕಾಲು ಮುಂದಾಗಿ ಹುಟ್ಟಿದ ಹುಡುಗನಿಂದ ಬೆನ್ನಿಗೆ ಒದೆಸಿಕೊಂಡೆ. 20 ದಿನ ಸುಮ್ನೆ ಚಾಪೆ ಹಿಡಿದು ಮಲಗಿದೆ. ಕೊನೆಗೆ ಡಾಕ್ಟರು, ಬೆನ್ನುಮೂಳೆಗಳ ನಡುವಿನ ಮೆತ್ತೆ, ಅಂದರೆ ಡಿಸ್ಕ್, ಉಬ್ಬಿ ಕಾಲಿಗೆ ಹೋಗುವ ನರದ ಬೇರನ್ನು ಒತ್ತುತ್ತಿದೆ ಎಂದರು.

ಫಿಜಿಯೋ ಮೇಡಂ ಕಲಿಸಿದ್ದು ಇಷ್ಟೇ. ಬೋರಲು ಮಲಗಿ, ಸೊಂಟ ನೆಲಕ್ಕೇ ಬಿಟ್ಟು, ಅಂಗೈ ಊರಿ ಎದೆ ಎತ್ತುವುದು. ಒಮ್ಮೆಗೆ 10 ಸಲ, ದಿನಕ್ಕೆ ಐದಾರು ಬಾರಿ. ಮೂರನೇ ದಿನ ನಡದಲ್ಲಿ ನೋವು ಜಾಸ್ತಿಯಾಯಿತು. ಇನ್ನು ಸಾಕು ಎಂದು ಹೇಳಲು ಹೋದೆ. ಮೇಡಂ ಒಂದೇ ಮಾತು ಕೇಳಿದರು: "ಮೀನಖಂಡದಾಗ ಈಗ ನೋವು ಐತೇನ್ರೀ?"

ಇರಲಿಲ್ಲ! ಪಾದದ ನೋವು ಮೇಲಕ್ಕೆ ಸರಿದು ನಡದಲ್ಲಿ ನಿಂತಿತ್ತು. ಅದು ಒಳ್ಳೆಯ ಗುರುತು, ವ್ಯಾಯಾಮ ಮುಂದುವರಿಸಿ ಎಂದರು. ನೋವು ಕೆಳಕ್ಕೆ ಇಳಿದರೆ ಮಾತ್ರ ನಿಲ್ಲಿಸಿ ಬಂದು ತೋರಿಸಬೇಕಂತೆ. ಈ ಮಾತು ಮೊದಲ ದಿನವೇ ಕಿವಿಗೆ ಬಿದ್ದಿದ್ದರೆ ಎಷ್ಟು ಜನ ಫಿಜಿಯೋಥೆರಪಿ ಬಿಡದೆ ಉಳಿಯುತ್ತಿದ್ದರು, ಅಲ್ವಾ?

ನನ್ನದನ್ನು ನೋಡಿ ನಮ್ಮ ಅತ್ತೆಯವರೂ ಹಾಗೇ ಮಾಡಿ ಕಾಲು ನೋವು ಹೆಚ್ಚಿಸಿಕೊಂಡರು. ಅವರಿಗೆ ವಯಸ್ಸಿನಿಂದ ನರ ಹಾಯುವ ದಾರಿಯೇ ಇಕ್ಕಟ್ಟಾಗಿದೆ. ಅಂಥವರಿಗೆ ಮುಂದಕ್ಕೆ ಬಾಗಿದರೇ ಆರಾಮ. ಒಬ್ಬರ ವ್ಯಾಯಾಮ ಇನ್ನೊಬ್ಬರಿಗೆ ಆಗುವುದಿಲ್ಲ.

ನೋವು ಎರಡು ತಿಂಗಳಲ್ಲಿ ಹೋಯಿತು. ಜೋಮು ಹೋಗಲು ಇನ್ನೂ ನಾಲ್ಕು ತಿಂಗಳು ಬೇಕಾಯಿತು. ನರ ಚೇತರಿಸಿಕೊಳ್ಳುವುದು ಬಹಳ ನಿಧಾನ. ಪೆಟ್ಟು ತಿಂದ ನರ ಮತ್ತೆ ಬೆಳೆಯಬೇಕಾದರೆ ದಿನಕ್ಕೆ ಸುಮಾರು 1 ಮಿಲಿಮೀಟರ್ ಅಷ್ಟೇ.

ಆದರೆ ತೊಡೆಸಂದಿಯಲ್ಲಿ ಜೋಮು, ಮೂತ್ರ ಕಟ್ಟುವುದು, ಪಾದ ಎತ್ತಲಾಗದೆ ಜೋಲು ಬೀಳುವುದು ಕಂಡರೆ ವ್ಯಾಯಾಮ ಮಾಡುತ್ತಾ ಕೂರಬೇಡಿ. ಅವತ್ತೇ ಹುಬ್ಬಳ್ಳಿಯ ಕೆಎಂಸಿಆರ್‌ಐಗೋ (ಹಳೆಯ ಹೆಸರು ಕಿಮ್ಸ್) ಇನ್ನೊಂದು ದೊಡ್ಡ ಆಸ್ಪತ್ರೆಗೋ ಓಡಿ. ತಡವಾದರೆ ನರ ಮರಳಿ ಬರದೇ ಹೋಗಬಹುದು.

ಡಾಕ್ಟರುಗಳಲ್ಲಿ ನನ್ನ ಬೇಡಿಕೆ ಒಂದೇ. ಫಿಜಿಯೋಥೆರಪಿಗೆ ಚೀಟಿ ಬರೆಯುವಾಗ ಇದೆಲ್ಲವನ್ನೂ ಕನ್ನಡದಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಕೊಡಿ. ನಮ್ಮಲ್ಲಿ ಓದು ಬಾರದವರೂ ಇದ್ದಾರೆ. ಅವರಿಗಾಗಿ ಒಂದು ಕಾಲಿನ ಚಿತ್ರ ಬಿಡಿಸಿ, ಮೇಲಕ್ಕೆ ಹಸಿರು ಬಾಣ, ಕೆಳಕ್ಕೆ ಕೆಂಪು ಬಾಣ ಹಾಕಿ.

ಇಂತಿ,
ಒಬ್ಬ ನೇಕಾರ, ಬೆಟಗೇರಿ, ಗದಗ