ಒಂದು ವರ್ಷದ ಲೆಕ್ಕ

ಸಾಗರ

ಚಿ. ಸುಹಾಸನಿಗೆ,

ದೊಡ್ಡಮ್ಮನ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ಮಳೆ ಇನ್ನೂ ಬಿಟ್ಟಿಲ್ಲ. ಅಂಗಳವೆಲ್ಲ ಪಾಚಿ ಕಟ್ಟಿದೆ. ನಿನ್ನ ದೊಡ್ಡಪ್ಪ ಮೊನ್ನೆ ಜಾರಿದರು. ಸದ್ಯ, ಏನೂ ಆಗಲಿಲ್ಲ.

ನಿನ್ನ ಮೇಲ್ ಪ್ರಿಂಟ್ ತೆಗೆಸಿ ಎರಡು ಸಲ ಓದಿದೆ. ಮೂರು ತಿಂಗಳು ಕೂತು ಈಜಿಪ್ಟಿನ ರಾಜರ ವರ್ಷ ಕೂಡಿಸಿದ್ದೀಯ, ಒಂದು ವರ್ಷ ಹೆಚ್ಚುಕಮ್ಮಿ ಬರುತ್ತಿದೆ, ಮತ್ತೆ ಮೊದಲಿಂದ ಮಾಡು ಅಂತ ನಿಮ್ಮ ಗೈಡ್ ಅಂದದ್ದಕ್ಕೆ ನಿನಗೆ ಸಿಟ್ಟು. "ಎರಡೂವರೆ ಸಾವಿರ ವರ್ಷದ ಹಿಂದಿನ ಒಂದು ವರ್ಷಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ದೊಡ್ಡಮ್ಮ" ಅಂತ ಕೇಳಿದ್ದೀಯ. ನಾನು ಕೆಡಿಸಿಕೊಳ್ಳುತ್ತೇನೆ ಕಣೋ. ಕಾರಣ ಇದೆ.

ನಾನು ಶಾಲೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ತಾಯಿ ಮಗಳನ್ನು ಒಂದನೇ ಕ್ಲಾಸಿಗೆ ಸೇರಿಸಲು ಬಂದಳು. ಹುಟ್ಟಿದ ತಾರೀಕು ಕೇಳಿದರೆ "ದೊಡ್ಡ ಮಳೆ ಬಂದು ಸಂಕ ಹೋಯಿತಲ್ಲ, ಆ ವರ್ಷ" ಅಂದಳು. ಆಗೆಲ್ಲ ನಾವು ಮಾಡುತ್ತಿದ್ದ ಹಾಗೆ ಜೂನ್ 1 ಅಂತ ಹಾಕಿ, ವರ್ಷವನ್ನು ಅಂದಾಜಿನ ಮೇಲೆ ಬರೆದೆ. ಹುಡುಗಿ ದೊಡ್ಡವಳಾಗಿ ಕೆಲಸಕ್ಕೆ ಅರ್ಜಿ ಹಾಕಿದಾಗ ವಯಸ್ಸಿನ ಮಿತಿ ಒಂದು ವರ್ಷ ದಾಟಿತ್ತು. ಅವಳು ಅಫಿಡವಿಟ್ ಹಿಡಿದು ನನ್ನ ಮನೆ ಬಾಗಿಲಿಗೆ ಬಂದಳು. ನನ್ನ ಅಕ್ಷರ ನಾನೇ ನೋಡಿದೆ. ಸುಮ್ನೆ ಬರೆದಿದ್ದೆ, ಅಷ್ಟೇ.

ನೀನು ಈ ವಿಷಯ ಹಿಡಿದ ಮೇಲೆ ನಾನೂ ಇಲ್ಲಿ ಕೂತು ಅಷ್ಟಿಷ್ಟು ಓದಿದೆ. ರಾಜರ ಕಥೆಗಿಂತ ನನಗೆ ಹಿಡಿಸಿದ್ದು ಒಂದು ಎತ್ತಿನ ಕಥೆ. ಎತ್ತಲ್ಲ, ಹೋರಿ. ಈಜಿಪ್ಟಿನ ಹಳೇ ರಾಜಧಾನಿ ಮೆಂಫಿಸ್‌ನಲ್ಲಿ ಪೂಜೆ ಮಾಡುತ್ತಿದ್ದ ಆಪಿಸ್ ಹೋರಿ. ಸತ್ತರೆ ಪಕ್ಕದ ಸಕ್ಕಾರಾದ ನೆಲಮಾಳಿಗೆಯಲ್ಲಿ ಹೂಳಿ, ಅದರ ಹುಟ್ಟು, ಸಾವು, ವಯಸ್ಸು ಎಲ್ಲ ಕಲ್ಲಲ್ಲಿ ಕೊರೆಸುತ್ತಿದ್ದರು. ನಮ್ಮ ಶಾಸನದಲ್ಲಾದರೆ ಶಕವರ್ಷ ಇರುತ್ತದೆ, ಸಂವತ್ಸರ, ತಿಥಿ, ವಾರ ಇರುತ್ತವೆ. ಅವರಿಗೆ ಅಂಥ ಉದ್ದದ ದಾರ ಇರಲಿಲ್ಲ. ಹೊಸ ರಾಜ ಬಂದ, ವರ್ಷ ಮತ್ತೆ ಒಂದರಿಂದ ಶುರು. ಹಾಗಾಗಿ ಒಬ್ಬ ರಾಜನ ಕಾಲದಲ್ಲಿ ಹುಟ್ಟಿ ಇನ್ನೊಬ್ಬನ ಕಾಲದಲ್ಲಿ ಸತ್ತ ಹೋರಿ ಅಂದರೆ ಇಬ್ಬರನ್ನೂ ಸೇರಿಸುವ ಹೊಲಿಗೆ.

ಒಂದು ಹೋರಿ ಒಂದನೇ ಸಾಮ್ಟಿಕ್ ರಾಜನ 53ನೇ ವರ್ಷ, 6ನೇ ತಿಂಗಳು, 19ನೇ ದಿನ ಹುಟ್ಟಿತು. ಎರಡನೇ ನೆಕೊ ರಾಜನ 16ನೇ ವರ್ಷ, 2ನೇ ತಿಂಗಳು, 6ನೇ ದಿನ ಸತ್ತಿತು. ಬದುಕಿದ್ದು 16 ವರ್ಷ 7 ತಿಂಗಳು 17 ದಿನ. ಪೆನ್ನು ತಗೋ. ಅವರ ತಿಂಗಳಿಗೆ 30 ದಿನ. 53ನೇ ವರ್ಷದಲ್ಲಿ ಉಳಿದದ್ದು 6 ತಿಂಗಳು 11 ದಿನ. ನೆಕೊ ಕಾಲದ್ದು 15 ವರ್ಷ 1 ತಿಂಗಳು 6 ದಿನ. ಕೂಡಿಸಿದರೆ 15 ವರ್ಷ 7 ತಿಂಗಳು 17 ದಿನ. ತಿಂಗಳು ಸರಿ, ದಿನ ಸರಿ, ಒಂದು ವರ್ಷ ಕಮ್ಮಿ. ಆ ಒಂದು ವರ್ಷ ಯಾರದ್ದು? ಸಾಮ್ಟಿಕ್‌ನ 54ನೇ ವರ್ಷ. ಅವನು 54 ವರ್ಷ ಆಳಿದ ಅಂತ ಆಯಿತು. ವರ್ಷದ ಕೊನೆಗೆ ಸೇರಿಸುವ 5 ದಿನಗಳನ್ನು ಕಲ್ಲಿನವನು ಲೆಕ್ಕಕ್ಕೆ ಹಿಡಿದಿಲ್ಲ, ನಾನೂ ಬಿಟ್ಟೆ. ಇದನ್ನು ಮಾಡಿ ಮುಗಿಸಿದ ರಾತ್ರಿ ಖುಷಿಗೆ ನನಗೆ ನಿದ್ದೆ ಬರಲಿಲ್ಲ ನೋಡು.

ಈ ಹೋರಿಯ ಲೆಕ್ಕ ಹಳೇ ವಿದ್ವಾಂಸರಿಗೂ ಗೊತ್ತಿತ್ತು. ಆದರೂ ಸಾಮ್ಟಿಕ್ ಪಟ್ಟಕ್ಕೆ ಬಂದದ್ದು ಕ್ರಿ.ಪೂ. 663 ಅಂತಲೇ ಬರೆಯುತ್ತಿದ್ದರು. ತಕರಾರಿದ್ದದ್ದು ಈಚೆ ಕಡೆಯ ಅಮಾಸಿಸ್ ರಾಜನದ್ದು. ಅವನು 43 ವರ್ಷ ಆಳಿದನೋ 44ಓ? ಅವನದ್ದು ಒಂದು ವರ್ಷ ಸರಿದರೆ ಅವನ ಹಿಂದಿನವರೆಲ್ಲ ಸರಿಯುತ್ತಾರೆ. ಇಲ್ಲಿ ಬರುತ್ತಾನೆ ನಾನು ಹೇಳಬೇಕೆಂದಿದ್ದ ಮನುಷ್ಯ, ರಿಚರ್ಡ್ ಪಾರ್ಕರ್. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದವನು. ಅವನು ಹೊಸ ರಾಜನನ್ನು ಹುಡುಕಲಿಲ್ಲ, ಗೋರಿ ಅಗೆಯಲಿಲ್ಲ. ಚಂದ್ರನನ್ನು ಹಿಡಿದು ಕೂತ.

ಈಜಿಪ್ಟಿನವರಿಗೆ 365 ದಿನದ ಸರ್ಕಾರಿ ವರ್ಷ ಒಂದು, ದೇವಸ್ಥಾನಕ್ಕೆ ಚಂದ್ರನ ತಿಂಗಳು ಇನ್ನೊಂದು. ಬೆಳಗಿನ ಜಾವ ಪೂರ್ವದಲ್ಲಿ ಕಾಣುವ ಸವೆದ ಚಂದ್ರ ಯಾವತ್ತು ಕಾಣದೆ ಹೋಗುತ್ತಾನೋ ಆವತ್ತೇ ಅವರ ತಿಂಗಳ ಮೊದಲ ದಿನ. ನಮ್ಮ ಹಾಗೆ ಅಮಾವಾಸ್ಯೆ ಕಳೆದ ಮೇಲಲ್ಲ. ಇದನ್ನು ಪಾರ್ಕರ್ 1950ರಲ್ಲಿ ಈಜಿಪ್ಟಿನ ಕ್ಯಾಲೆಂಡರುಗಳ ಬಗ್ಗೆ ಬರೆದ ಪುಸ್ತಕದಲ್ಲಿ ಬಿಡಿಸಿ ತೋರಿಸಿದ. 25 ಸರ್ಕಾರಿ ವರ್ಷ ಅಂದರೆ 9125 ದಿನ. ಚಂದ್ರನ 309 ತಿಂಗಳೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸ ಒಂದು ಗಂಟೆಯ ಆಸುಪಾಸು! ಹಾಗಾಗಿ ಒಂದು ಹಾಳೆಯಲ್ಲಿ ಎರಡೂ ತಾರೀಕು ಒಟ್ಟಿಗೆ ಸಿಕ್ಕರೆ, ಅದು ಯಾವ ವರ್ಷಕ್ಕೆ ಕೂರುತ್ತದೆ, ಯಾವುದಕ್ಕೆ ಕೂರುವುದಿಲ್ಲ ಅಂತ ಹೇಳಬಹುದು.

ಅಂಥ ಹಾಳೆ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿತ್ತು. ಅಮಾಸಿಸ್‌ನ 12ನೇ ವರ್ಷದ್ದು. ರಾಜಾಜ್ಞೆಯಲ್ಲ, ಯುದ್ಧದ ವರದಿಯಲ್ಲ. ಯಾರೋ ಪ್ರಮಾಣ ಮಾಡಬೇಕಿದ್ದ ದಿನ ಬರೆದಿಟ್ಟ ಕಾಗದ. ಸರ್ಕಾರಿ ತಿಂಗಳ 13, ಚಂದ್ರನ ತಿಂಗಳ 15. ಪಾರ್ಕರ್ ಅದನ್ನು ಕೂರಿಸಿ ನೋಡಿದ. ಕ್ರಿ.ಪೂ. 559ಕ್ಕೆ ಕೂತಿತು, 558ಕ್ಕೆ ಕೂರಲಿಲ್ಲ. ಅಲ್ಲಿಗೆ ಅಮಾಸಿಸ್‌ನ ಮೊದಲ ವರ್ಷ 570. ಹಿಂದಕ್ಕೆ ಹೋಗು, ಆಳಿದ ವರ್ಷಗಳು: ಅಪ್ರೀಸ್ 19, ಎರಡನೇ ಸಾಮ್ಟಿಕ್ 6, ನೆಕೊ 15 (ಅವನ 16ನೇ ವರ್ಷವೇ ಎರಡನೇ ಸಾಮ್ಟಿಕ್‌ನ ಒಂದನೇ ವರ್ಷ), ಒಂದನೇ ಸಾಮ್ಟಿಕ್ 54. 570ಕ್ಕೆ ಕೂಡಿಸಿದರೆ 664. 1957ರಲ್ಲಿ ಇದನ್ನು ಅಚ್ಚು ಹಾಕಿಸಿದ. 663 ಹೋಗಿ 664 ಬಂತು. ಆಮೇಲೆ ಇನ್ನೊಂದು ಹೋರಿಯ ಕಲ್ಲಿನಿಂದ ತಹಾರ್ಕ ಪಟ್ಟಕ್ಕೆ ಬಂದದ್ದು 690 ಅಂತಾಗುತ್ತದೆ. ಅದನ್ನು ನೀನೇ ಮಾಡಿಕೋ, ನಾನು ಹೇಳಿಕೊಡುವುದಿಲ್ಲ.

ಅವನು ಎಲ್ಲ ಕಡೆಯೂ ಗೆದ್ದ ಅಂತ ತಿಳಿಯಬೇಡ. ಎರಡನೇ ರಾಮ್ಸೆಸ್‌ನ 52ನೇ ವರ್ಷದ ಒಂದು ಹಡಗಿನ ದಿನಚರಿ ಇದೆಯಲ್ಲ, ನಿನ್ನ ಊರಿಗೆ ಹತ್ತಿರದ, ನೆದರ್ಲೆಂಡ್ಸಿನ ಲೈಡನ್ ಮ್ಯೂಸಿಯಂನಲ್ಲೇ ಇದೆ. ಅದರಲ್ಲಿ ಚಂದ್ರನ ತಿಂಗಳು ಶುರುವಾದ ದಿನ ಬರೆದಿದೆ. ಆದರೆ ಚಂದ್ರ ತಿರುಗಿ ತಿರುಗಿ ಅದೇ ಜಾಗಕ್ಕೆ ಬರುವವನು. ರಾಮ್ಸೆಸ್ ಪಟ್ಟಕ್ಕೆ ಬಂದದ್ದು 1304 ಅಂದರೂ ಆಗುತ್ತದೆ, 1290 ಅಂದರೂ ಆಗುತ್ತದೆ, 1279 ಅಂದರೂ ಆಗುತ್ತದೆ. 1304ಕ್ಕೂ 1279ಕ್ಕೂ ನಡುವೆ ಎಷ್ಟು? ಅದೇ 25. ಪಾರ್ಕರ್ 1290 ಅಂದ. ಈಗ ಜಾಸ್ತಿ ಜನ ಒಪ್ಪುವುದು 1279. ಅವನ ಉತ್ತರ ಬಿಟ್ಟವರೂ ಅವನು ಹಾಕಿಕೊಟ್ಟ ಚಂದ್ರನ ಲೆಕ್ಕವನ್ನೇ ಹಿಡಿದು ವಾದ ಮಾಡಿದರು. ನನಗೆ ಇದು ಸೋಲು ಅನ್ನಿಸುವುದಿಲ್ಲ. ಪರೀಕ್ಷೆಯಲ್ಲಿ ಉತ್ತರ ತಪ್ಪಿದರೂ ಹಂತಗಳಿಗೆ ಮಾರ್ಕ್ಸ್ ಕೊಟ್ಟು ರೂಢಿಯಾದವಳು ನಾನು.

ಅದಕ್ಕೇ ಹೇಳುತ್ತಿದ್ದೇನೆ. ನಿನ್ನ ಪಟ್ಟಿಯಲ್ಲಿ ಪ್ರತಿ ರಾಜನ ಮುಂದೆ ಬರೀ ಸಂಖ್ಯೆ ಬರೆಯಬೇಡ. ಎಲ್ಲಿಂದ ಬಂತು, ಯಾವ ಕಲ್ಲು, ಯಾವ ಹಾಳೆ, ನೀನೇ ಕೂಡಿಸಿದ್ದೋ ಬೇರೆಯವರದ್ದು ನಕಲು ಮಾಡಿದ್ದೋ, ಅದನ್ನೂ ಬರೆ. ನಕಲು ಮಾಡಿದ್ದಾದರೆ ಒಂದು ಸಲ ಕೈಯಾರೆ ಮಾಡಿ ನೋಡು. ಎಕ್ಸೆಲ್ ಬೇಡ, ಹಾಳೆ ಮೇಲೆ. ಒಂದು ವರ್ಷ ಕಮ್ಮಿ ಬಿದ್ದರೆ ಅದನ್ನು ಅಲ್ಲಿ ಇಲ್ಲಿ ತುರುಕಿ ಸರಿ ಮಾಡಬೇಡ. ಕಮ್ಮಿ ಬಿತ್ತು ಅಂತಲೇ ಬರೆದಿಡು. ನಿಮ್ಮ ಗೈಡ್ ಮತ್ತೆ ಮಾಡು ಅಂದದ್ದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಸರಿಯಾಗಿ ಊಟ ಮಾಡು. ಬ್ರೆಡ್ ತಿಂದುಕೊಂಡು ಲೆಕ್ಕ ಮಾಡಿದರೆ ಯಾರಿಗಾದರೂ ತಪ್ಪುತ್ತದೆ.

ಡಿಸೆಂಬರ್ ರಜಕ್ಕೆ ಕಾಯಬೇಡ, ಸಾಧ್ಯವಾದರೆ ದೀಪಾವಳಿಗೇ ಬಾ. ನರಕ ಚತುರ್ದಶಿ ದಿನ ಎಣ್ಣೆ ನೀರಿಗೆ ಅಂತ ನಸುಕಿಗೆ ಏಳುತ್ತೇವಲ್ಲ, ಹೋದ ವರ್ಷ ಬಚ್ಚಲ ಒಲೆಗೆ ಬೆಂಕಿ ಹಾಕಿ ಹಿತ್ತಲಿಗೆ ಬಂದೆ. ತೋಟದ ಮೇಲೆ ಪೂರ್ವಕ್ಕೆ ಚಂದ್ರನ ಒಂದು ಎಳೆ ಇತ್ತು, ಉಗುರು ಕತ್ತರಿಸಿ ಎಸೆದ ಹಾಗೆ. ಮಾರನೇ ದಿನ ಅದೇ ಹೊತ್ತಿಗೆ ಹೋಗಿ ಹುಡುಕಿದೆ. ಇರಲಿಲ್ಲ. ಈ ಸಲ ನೀನಿದ್ದರೆ ಇಬ್ಬರೂ ನೋಡಬಹುದು, ಮೋಡ ಇಲ್ಲದಿದ್ದರೆ.

ನಿನ್ನ ಪ್ರೀತಿಯ
ದೊಡ್ಡಮ್ಮ