ಮಿಲ್ಟ್ರಿ ಮೇಷ್ಟ್ರಿಗೆ ಮಗಳ ಕಾಗದ

ವಿಯೆನ್ನಾ
ಅಕ್ಟೋಬರ್ ಕೊನೆಯ ವಾರ

ಪ್ರೀತಿಯ ಅಪ್ಪಾಜಿಗೆ,

ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮ ಕಳಿಸಿದ ಹುರಿಟ್ಟು, ಚಟ್ನಿಪುಡಿ ಬಂದು ಮುಟ್ಟಿದವು. ಈ ವಿಷಯ ಫೋನಿನಲ್ಲೇ ಹೇಳೋಣ ಅಂದುಕೊಂಡಿದ್ದೆ. ಆದರೆ ಮಾತು ಎತ್ತಿದ ಕೂಡಲೇ ನೀವು "ಸರಿ, ಊಟ ಆಯ್ತಾ?" ಅಂತ ಬೇರೆ ಕಡೆ ತಿರುಗಿಸಿಬಿಡುತ್ತೀರಿ. ಅದಕ್ಕೇ ಕಾಗದ.

ಕಳೆದ ಶನಿವಾರ ಟ್ರಾಟೆನ್‌ಬಾಖ್ ಅನ್ನೋ ಹಳ್ಳಿಗೆ ಹೋಗಿದ್ದೆ. ಗ್ಲಾಗ್‌ನಿಟ್ಸ್‌ವರೆಗೆ ರೈಲು, ಆಮೇಲೆ ಗುಡ್ಡದ ದಾರಿ. ನಮ್ಮ ಸಕಲೇಶಪುರದ ಕಡೆ ಇರುತ್ತಲ್ಲ, ಹಾಗೆ ಗುಡ್ಡಗಳ ಸಂದಿಯಲ್ಲಿ ಸಿಕ್ಕಿಕೊಂಡ ಊರು. 1920ರಲ್ಲಿ ಇಲ್ಲಿನ ಶಾಲೆಗೆ ಒಬ್ಬರು ಮೇಷ್ಟ್ರಾಗಿ ಬಂದರು. ನಿಮ್ಮ ಹಾಗೇ ಮಿಲ್ಟ್ರಿಯಿಂದ ಬಂದವರು. ಹೆಸರು ಲುಡ್ವಿಗ್ ವಿಟ್ಗೆನ್‌ಸ್ಟೈನ್.

ಅವರ ತಂದೆ ಉಕ್ಕಿನ ಕಾರ್ಖಾನೆಗಳ ದೊಡ್ಡ ಸಾಹುಕಾರ. 1914ರಲ್ಲಿ ಯುದ್ಧ ಶುರುವಾದಾಗ ಇವರು ತಾವಾಗೇ ಹೋಗಿ ಸೇನೆಗೆ ಸೇರಿದರು. ಫಿರಂಗಿ ದಳದಲ್ಲಿದ್ದರು, ಶೌರ್ಯ ಪದಕಗಳೂ ಬಂದವು. 1918ರ ಕೊನೆಯಲ್ಲಿ ಇಟಲಿಯವರ ಕೈಗೆ ಸೆರೆ ಸಿಕ್ಕರು. ಮರುವರ್ಷ ಬಿಡುಗಡೆಯಾಗಿ ಬಂದವರೇ ತಮ್ಮ ಪಾಲಿನ ಆಸ್ತಿಯನ್ನೆಲ್ಲ ಒಡಹುಟ್ಟಿದವರಿಗೆ ಬರೆದುಕೊಟ್ಟು, ಮೇಷ್ಟ್ರ ಟ್ರೈನಿಂಗಿಗೆ ಸೇರಿಕೊಂಡರು. ಆಗ ಅವರಿಗೆ 30 ವರ್ಷ, ಪಕ್ಕದ ಬೆಂಚಿನಲ್ಲಿ ಚಿಗುರು ಮೀಸೆಯ ಹುಡುಗರು. ನೀವು ಪಿಂಚಣಿ ತಗೊಂಡು ಬಂದು ಟಿಸಿಎಚ್ ಓದಿದ್ದು ನೆನಪಾಯಿತು. ಆ ಹುಡುಗರು ನಿಮ್ಮನ್ನೇ ಲೆಕ್ಚರರ್ ಅಂದುಕೊಂಡು ಎದ್ದು ನಿಂತಿದ್ದರಂತೆ, ಅಲ್ವಾ?

ನೀವು ಮದ್ರಾಸ್ ಸ್ಯಾಪರ್ಸ್‌ನವರು, ಸೇನೆಯ ಎಂಜಿನಿಯರ್ ದಳದವರು, ಈ ಕತೆ ನಿಮಗೆ ಹಿಡಿಸುತ್ತೆ. ಊರಲ್ಲಿ ಒಂದು ಬಟ್ಟೆ ಕಾರ್ಖಾನೆ ಇತ್ತು. ಅದರ ಉಗಿ ಎಂಜಿನ್ ಕೆಟ್ಟು ನಿಂತುಬಿಟ್ಟಿತು. ಎಂಜಿನಿಯರುಗಳು ಬಂದು ನೋಡಿ ಕೈಚೆಲ್ಲಿದರು. ಮೇಷ್ಟ್ರು ಎಂಜಿನಿಯರಿಂಗ್ ಓದಿದವರೇ. ಸುಮ್ಮನೆ ಸುತ್ತ ನೋಡಿದರು. ನಾಲ್ವರನ್ನು ಕರೆದು, ಕೈಗೊಂದು ಸುತ್ತಿಗೆ ಕೊಟ್ಟು, ಒಬ್ಬೊಬ್ಬರಿಗೆ ಒಂದೊಂದು ನಂಬರು ಹೇಳಿದರು. ನಂಬರು ಕರೆದ ಹಾಗೆ ಸರದಿಯಲ್ಲಿ ಹೊಡೆಸಿದರು. ಎಂಜಿನ್ ಓಡಿತು! ಅದಕ್ಕೆ ಪ್ರತಿಯಾಗಿ ಅವರು ತಗೊಂಡದ್ದು ಬಡ ಮಕ್ಕಳಿಗೆ ಬೇಕಾದ ಬಟ್ಟೆ ಮಾತ್ರ.

ಪಾಠವೂ ಹಾಗೇ. ಮಕ್ಕಳ ಜೊತೆ ಸೇರಿ ಬೆಕ್ಕಿನ ಮೂಳೆಗಳನ್ನು ಜೋಡಿಸಿ ಅಸ್ಥಿಪಂಜರ ಮಾಡಿದರು. ಅವರಿಗೆ ವಿಯೆನ್ನಾ ತೋರಿಸಲು ಕರೆದುಕೊಂಡು ಬರುತ್ತಿದ್ದರು. ರೈಲು ಹಿಡಿಯಲು ಕಾಡಿನಲ್ಲಿ ಸುಮಾರು 20 ಕಿಲೋಮೀಟರು ನಡಿಗೆ, ದಾರಿಯುದ್ದಕ್ಕೂ ಗಿಡ, ಕಲ್ಲುಗಳ ಪಾಠ. ವಾಪಸು ಬರುವಾಗ ರಾತ್ರಿ. ಕತ್ತಲಲ್ಲಿ ಒಬ್ಬೊಬ್ಬ ಮಗುವಿನ ಹತ್ತಿರವೂ ಹೋಗಿ "ಹೆದರಿಕೆ ಆಗ್ತಿದೆಯಾ?" ಅಂತ ಕೇಳುತ್ತಿದ್ದರಂತೆ. ಡಿಕ್ಷನರಿ ಕೊಳ್ಳಲು ಮಕ್ಕಳ ಹತ್ತಿರ ದುಡ್ಡಿರಲಿಲ್ಲ. ಅವರಿಗೆ ಬೇಕಾಗುವ ಮಾತುಗಳನ್ನೇ ಸೇರಿಸಿ ಒಂದು ಡಿಕ್ಷನರಿ ಮಾಡಿದರು. 1926ರಲ್ಲಿ ಅದು ಅಚ್ಚಾಯಿತು.

ಅಪ್ಪಾಜಿ, ಇಲ್ಲಿಂದ ಮುಂದಿನದನ್ನು ಪೂರ್ತಿ ಓದಿ, ಕಾಗದ ಮಡಚಿಡಬೇಡಿ.

ಅವರು ಮಕ್ಕಳನ್ನು ಹೊಡೆಯುತ್ತಿದ್ದರು. ಲೆಕ್ಕ ಬರದಿದ್ದರೆ ಹೆಣ್ಣುಮಕ್ಕಳ ಕೂದಲು ಹಿಡಿದು ಎಳೆಯುತ್ತಿದ್ದರು, ಕಿವಿ ಹಿಂಡುತ್ತಿದ್ದರು. 1926ರ ಏಪ್ರಿಲ್‌ನಲ್ಲಿ, ಆಗ ಅವರು ಪಕ್ಕದ ಒಟ್ಟರ್‌ತಾಲ್ ಶಾಲೆಯಲ್ಲಿದ್ದರು, 11 ವರ್ಷದ ಹುಡುಗನೊಬ್ಬನ ತಲೆಗೆ ಹೊಡೆದರು. ಹುಡುಗ ಪ್ರಜ್ಞೆ ತಪ್ಪಿ ಬಿದ್ದ. ವಿಚಾರಣೆಯಲ್ಲಿ ಮೇಷ್ಟ್ರದ್ದು ತಪ್ಪಿಲ್ಲ ಅಂತಾಯಿತು. ಅಷ್ಟರಲ್ಲಿ ಅವರು ಕೆಲಸ ಬಿಟ್ಟಿದ್ದರು, ಮತ್ತೆ ಯಾವತ್ತೂ ಮಕ್ಕಳಿಗೆ ಪಾಠ ಹೇಳಲಿಲ್ಲ. ಮುಂದೆ ಕೇಂಬ್ರಿಜ್‌ನಲ್ಲಿ ಜಗತ್ತೇ ಬಲ್ಲ ತತ್ವಜ್ಞಾನಿಯಾದರು.

ಹತ್ತು ವರ್ಷದ ಮೇಲೆ, 1936ರಲ್ಲಿ, ಅವರು ಒಟ್ಟರ್‌ತಾಲ್‌ಗೆ ವಾಪಸು ಬಂದರು. ಹೊಡೆದಿದ್ದ ಮಕ್ಕಳ ಮನೆಗಳಿಗೆ ಹೋಗಿ ಕ್ಷಮೆ ಕೇಳಿದರು. ಕೆಲವರು ಒಳ್ಳೆ ಮಾತಾಡಿ ಕಳಿಸಿದರು. ಕಿವಿಯಲ್ಲಿ ರಕ್ತ ಬರುವಷ್ಟು ಹಿಂಡಿಸಿಕೊಂಡಿದ್ದ ಒಬ್ಬಳು ಮಾತ್ರ "ಯಾ, ಯಾ" ಅಂದಳಂತೆ. ಅಂದರೆ "ಹೂಂ, ಹೂಂ". ಅಷ್ಟೇ. ಅವಳು ಅಂದದ್ದು ಸರಿ ಅಂತಲೇ ನನಗೆ ಅನಿಸುತ್ತೆ. ಕೇಳೋದು ಅವರ ಕೆಲಸ, ಕ್ಷಮಿಸೋದು ಬಿಡೋದು ಅವಳಿಗೆ ಸೇರಿದ್ದು.

ಆ ಊರಿನ ರಸ್ತೆಯಲ್ಲಿ ನಡೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ನಮ್ಮ ಕೆಳಗಿನ ಕೇರಿಯ ಸಂಜೆ. ನಾನಾಗ ಮೂರನೇ ಕ್ಲಾಸು. ಮಗ್ಗಿ ತಪ್ಪಿದ್ದಕ್ಕೆ ನೀವು ಒಬ್ಬ ಹುಡುಗನ ಕೆನ್ನೆಗೆ ಹೊಡೆದಿದ್ದಿರಿ. ನಾಲ್ಕು ಬೆರಳೂ ಎಣಿಸುವ ಹಾಗೆ ಮೂಡಿದ್ದವು. ಅವನು ಅಳಲಿಲ್ಲ, ಚಡ್ಡಿ ಒದ್ದೆ ಮಾಡಿಕೊಂಡು ಹಾಗೇ ನಿಂತಿದ್ದ. ಸಂಜೆ ನೀವು ಕಾಫಿ ಕುಡಿಯಲಿಲ್ಲ. ನನ್ನ ಕೈ ಹಿಡಿದುಕೊಂಡು ಅವರ ಮನೆಗೆ ಹೋದಿರಿ. ಅವರಮ್ಮ ಒಲೆ ಮುಂದಿನಿಂದ ಗಾಬರಿಯಾಗಿ ಎದ್ದು ಬಂದು, "ಹೋಗ್ಲಿ ಬುಡಿ ಮೇಷ್ಟ್ರೇ, ನೀವು ಹೊಡುದ್ರೆ ತಾನೇ ಅವ್ನಿಗೆ ಬುದ್ಧಿ ಬರೋದು" ಅಂದರು. ನೀವು "ಇಲ್ಲ ಕಣವ್ವಾ, ನಂದೇ ತಪ್ಪು" ಅಂದಿರಿ. ಆಮೇಲೆ ಹೊಸಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ಅವನಿಗೂ ಅದನ್ನೇ ಹೇಳಿದಿರಿ. ಅವನು ಅಮ್ಮನ ಸೆರಗು ಬಿಟ್ಟು ಈಚೆ ಬರಲೇ ಇಲ್ಲ.

ಮಾರನೇ ದಿನ ಕರಿಹಲಗೆ ಪಕ್ಕದ ಲಕ್ಕಿ ಕೋಲು ಇರಲಿಲ್ಲ. ನೀವು ರಿಟೈರ್ ಆಗುವವರೆಗೂ ಅದು ಮತ್ತೆ ಬರಲಿಲ್ಲ.

ಪದಕಗಳಿರುವ ನಿಮ್ಮ ಕರಿ ಟ್ರಂಕನ್ನು ಬಂದವರಿಗೆಲ್ಲ ತೋರಿಸುತ್ತಿದ್ದವಳು ನಾನು. ಆದರೆ ನನ್ನಪ್ಪ ಧೈರ್ಯವಂತ ಅಂತ ನಾನು ಕಣ್ಣಾರೆ ನೋಡಿದ್ದು ಆ ಹೊಸಿಲ ಮುಂದೆ. ಇದನ್ನು ಇಷ್ಟು ವರ್ಷ ನಿಮಗೆ ಹೇಳಿರಲಿಲ್ಲ.

ಆ ಹುಡುಗ ಈಗ ಎಲ್ಲಿದ್ದಾನೆ ಅಪ್ಪಾಜಿ? ಊರಲ್ಲೇ ಇದ್ದಾನಾ? ನಿಮ್ಮನ್ನು ಮಾತಾಡಿಸುತ್ತಾನಾ? ಫೋನಿನಲ್ಲಿ ಬೇಡ, ಬರೆದು ತಿಳಿಸಿ.

ನವೆಂಬರ್ ಬಂದೇಬಿಟ್ಟಿತು, ಪಿಂಚಣಿಯ ಲೈಫ್ ಸರ್ಟಿಫಿಕೇಟ್ ಮರೆಯಬೇಡಿ. ಮಂಡಿಗೆ ಎಣ್ಣೆ ಹಚ್ಚಿಕೊಳ್ಳಿ. ಅಮ್ಮನಿಗೆ ಈ ಕಾಗದ ಓದಿ ಹೇಳಿ, ಪೂರ್ತಿ.

ಇಂತಿ,
ನಿಮ್ಮ ಮಗಳು