ಪದ ಕಟ್ಟಿದವರ ಹೆಸರು ಬರೆಯಿರಿ, ಕೇಳಿದವರ ಮಾತೂ ಹಾಕಿ

ಸಂಪಾದಕರಿಗೆ ನಮಸ್ಕಾರ.

ನಾನು ಕೋಲಾರದವನು. ಎಪಿಎಂಸಿ ಯಾರ್ಡಿನ ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಹಾಡುಗಾರನಲ್ಲ, ಸಾಹಿತಿಯೂ ಅಲ್ಲ. ಆದರೆ ಸುತ್ತಮುತ್ತ ಎಲ್ಲಿ ಜನಪದ ಹಾಡಿನ ಕಾರ್ಯಕ್ರಮ ಇದೆ ಅಂತ ಗೊತ್ತಾದರೂ ಹೋಗಿ ಕೂರುತ್ತೇನೆ. ಇಪ್ಪತ್ತು ವರ್ಷದಿಂದ ಇದೇ ಅಭ್ಯಾಸ. ಮುಳಬಾಗಿಲು, ಮಾಲೂರು, ಚಿಂತಾಮಣಿ, ಶಿಡ್ಲಘಟ್ಟ, ಎಲ್ಲಾದರೂ ಸರಿ, ಬೈಕಿನಲ್ಲಿ ಹೋಗಿ, ರಾತ್ರಿ ಎಷ್ಟು ಹೊತ್ತಾದರೂ ವಾಪಸ್ ಬಂದು, ಬೆಳಗ್ಗೆ ಹರಾಜಿಗೆ ಹಾಜರಾಗುತ್ತೇನೆ. ಈ ಪತ್ರ ಆ ಕಾರ್ಯಕ್ರಮಗಳ ಬಗ್ಗೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಅವುಗಳ ಬಗ್ಗೆ ಪೇಪರಿನಲ್ಲಿ ಏನು ಬರುತ್ತದೆ, ಏನು ಬರುವುದಿಲ್ಲ ಅನ್ನುವುದರ ಬಗ್ಗೆ.

ಹೋದ ಚಳಿಗಾಲದಲ್ಲಿ ಶಿಡ್ಲಘಟ್ಟದ ಕಡೆ ಒಂದು ಊರಿಗೆ ಹೋಗಿದ್ದೆ. ಶಾಲೆಯ ಮೈದಾನದಲ್ಲಿ ಪೆಂಡಾಲ್. ಆರು ಗಂಟೆಗೆ ಅಂತ ಹೇಳಿದ್ದ ಕಾರ್ಯಕ್ರಮದಲ್ಲಿ ಭಾಷಣಗಳೆಲ್ಲ ಮುಗಿದಾಗ ಒಂಬತ್ತೂವರೆ. ಮಂಜು ಬೀಳುತ್ತಿತ್ತು. ಚಳಿಗೆ ತಮಟೆಯ ಚರ್ಮ ಸಡಿಲವಾಗಿ ಬದ್ ಬದ್ ಅಂತ ಸತ್ತ ಸದ್ದು ಬರುತ್ತಿತ್ತು. ಇಬ್ಬರು ಹುಡುಗರು ಪೆಂಡಾಲಿನ ಹಿಂದೆ ಒಣಹುಲ್ಲು ಹಾಕಿ ಬೆಂಕಿ ಮಾಡಿ ತಮಟೆ ಕಾಯಿಸಲು ಕೂತರು. ನಾನೂ ಅಲ್ಲೇ ಹೋಗಿ ನಿಂತೆ. ತಮಟೆಯನ್ನು ಬೆಂಕಿಯ ಹತ್ತಿರ ಹಿಡಿದು ಸುತ್ತಿಸುತ್ತಾರೆ, ಬೆರಳಲ್ಲಿ ಒಂದು ಸಲ ತಟ್ಟಿ ಕೇಳುತ್ತಾರೆ, ಮತ್ತೆ ಸುತ್ತಿಸುತ್ತಾರೆ. ಸ್ವಲ್ಪ ಹೆಚ್ಚು ಕಾದರೆ ಚರ್ಮ ಬಿರಿಯುತ್ತದೆ, ಕಡಿಮೆಯಾದರೆ ಸದ್ದು ಏಳುವುದಿಲ್ಲ. ಟಣ್ ಅಂತ ಆ ಬಿಗಿಯಾದ ಸದ್ದು ಬಂದ ತಕ್ಷಣ ಒಬ್ಬ ಹುಡುಗ ನಕ್ಕು, "ಬಂತು ಅಣ್ಣಾ" ಅಂತ ನನ್ನ ಕಡೆ ನೋಡಿದ. ಅವನ ಮುಖ ನನಗೆ ಇವತ್ತಿಗೂ ನೆನಪಿದೆ.

ಆಮೇಲೆ ಒಬ್ಬ ಹೆಣ್ಣುಮಗಳು ಹಾಡಲು ಬಂದರು. ನಲವತ್ತೈದರ ಆಸುಪಾಸು. ರೇಷ್ಮೆ ನೂಲು ಬಿಚ್ಚುವ ಕೆಲಸ ಮಾಡುವವರು ಅಂತ ಪಕ್ಕದಲ್ಲಿದ್ದವರು ಹೇಳಿದರು. ನಿರೂಪಕರು "ಈಗ ಒಂದು ಜಾನಪದ ಗೀತೆ" ಅಂದರು. ಆಕೆ ಮೈಕು ಹಿಡಿದು, ತಗ್ಗಿದ ದನಿಯಲ್ಲಿ, "ಇದು ನಾನೇ ಕಟ್ಟಿದ ಪದ" ಅಂದರು. ಅಷ್ಟೇ. "ಕೈ ಬಿಸ್ನೀರಾಗೆ, ಕಣ್ಣು ಎಳೆಮ್ಯಾಗೆ" ಅಂತ ಶುರು ಮಾಡಿದರು. ರೇಷ್ಮೆಗೂಡು ಬೇಯುವ ನೀರಿನಲ್ಲಿ ಕೈ ಅದ್ದಿ ಅದ್ದಿ ಬೆರಳಿನ ತುದಿ ಬೆಳ್ಳಗೆ ಸುಕ್ಕುಗಟ್ಟುವುದು, ಎಳೆ ತುಂಡಾದರೆ ಕಣ್ಣು ಕಿರಿದು ಮಾಡಿ ಹುಡುಕುವುದು, ಮಗಳ ಮದುವೆಗೆ ರೇಷ್ಮೆ ಸೀರೆ ತರಲು ಆಗದೇ ಹೋಗಿದ್ದು. ಎರಡನೇ ಸಲ ಪಲ್ಲವಿಗೆ ಬಂದಾಗ ತಮಟೆಯವರು ಕೈ ನಿಲ್ಲಿಸಿದರು. ಬರೀ ದನಿ. ಮೈದಾನದಲ್ಲಿ ಒಂದು ಮಗು ಕೂಡ ಅಳಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ನೂಲಿನ ಕೆಲಸದ ಹೆಂಗಸರು ತಮ್ಮ ತಮ್ಮ ಕೈ ನೋಡಿಕೊಂಡರು. ನಾನು ಕಣ್ಣಾರೆ ಕಂಡಿದ್ದು.

ಎರಡು ದಿನ ಬಿಟ್ಟು ಒಂದು ಪೇಪರಿನಲ್ಲಿ ಆ ಕಾರ್ಯಕ್ರಮದ ಸುದ್ದಿ ನೋಡಿದೆ. ದೀಪ ಹಚ್ಚುವ ಫೋಟೊ. ಹನ್ನೊಂದು ಜನ ಗಣ್ಯರ ಹೆಸರು, ನಾನು ಎಣಿಸಿದೆ. ಕೊನೆಯ ಸಾಲು, "ನಂತರ ಜಾನಪದ ಗೀತೆಗಳ ಗಾಯನ ಜನಮನ ಸೆಳೆಯಿತು." ಮುಗಿಯಿತು. ಆ ಅಕ್ಕನ ಹೆಸರಿಲ್ಲ, ತಮಟೆ ಹುಡುಗರ ಹೆಸರಿಲ್ಲ, ಪದ ಯಾವುದು ಅಂತ ಇಲ್ಲ. ನಾವು ಚಳಿಯಲ್ಲಿ ನಾಲ್ಕು ಗಂಟೆ ಕೂತಿದ್ದು ಯಾವುದಕ್ಕೋ ಆ ಒಂದು ವಿಷಯವೇ ಸುದ್ದಿಯಲ್ಲಿ ಇರಲಿಲ್ಲ. ನನಗೆ ನಿಜವಾಗಲೂ ಹೊಟ್ಟೆ ಉರಿಯಿತು.

ನಮ್ಮ ಮಂಡಿಯ ಮಾತು ಹೇಳುತ್ತೇನೆ. ರೈತ ಐದೇ ಬಾಕ್ಸ್ ಟೊಮೆಟೊ ತಂದರೂ ಆ ಲಾಟಿನ ಮೇಲೆ ಅವನ ಹೆಸರಿನ ಚೀಟಿ ಇರಲೇಬೇಕು. ಹೆಸರು ಇಲ್ಲದ ಲಾಟು ಅಂದರೆ ಯಾರದೋ ಮಾಲು, ದುಡ್ಡು ಯಾರಿಗೆ ಕೊಡುವುದು? ಹಾಡಿಗೂ ಹಾಗೇ ಅಲ್ವಾ? ಆ ಅಕ್ಕನ ಪದ ಇವತ್ತು "ಜಾನಪದ ಗೀತೆ". ನಾಳೆ ಯಾರೋ ಒಬ್ಬರು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದನ್ನು ಕೀಬೋರ್ಡು, ರಿದಂ ಪ್ಯಾಡು ಸೇರಿಸಿ ಹಾಡಿ ಯೂಟ್ಯೂಬಿಗೆ ಹಾಕುತ್ತಾರೆ. ಕೆಳಗೆ "ಸಾಹಿತ್ಯ: ಜಾನಪದ" ಅಂತ ಬರೆಯುತ್ತಾರೆ. ಬದುಕಿರುವ, ಪಕ್ಕದ ತಾಲ್ಲೂಕಿನಲ್ಲೇ ನೂಲು ಬಿಚ್ಚುತ್ತಿರುವ ಹೆಣ್ಣುಮಗಳ ಪದ ಅದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರೆದವರು ಬದುಕಿರುವವರೆಗೆ ಮತ್ತು ಆಮೇಲೆ 60 ವರ್ಷ ಹಾಡಿನ ಹಕ್ಕು ಅವರದು, ಅವರ ಮನೆಯವರದು. ಹಾಡನ್ನು ಮಾರಿಕೊಂಡರೂ "ಇದು ನನ್ನದು" ಅಂತ ಹೇಳುವ ಹಕ್ಕು ಬರೆದವರ ಹತ್ತಿರವೇ ಉಳಿಯುತ್ತದೆ. ಆದರೆ ಹೆಸರೇ ಎಲ್ಲೂ ದಾಖಲಾಗಿಲ್ಲದಿದ್ದರೆ ಆಕೆ ಯಾವ ಕಾಗದ ಹಿಡಿದು ಕೇಳಬೇಕು? ಪೇಪರಿನ ಒಂದು ತುಣುಕು ಇದ್ದರೆ ಅಷ್ಟಾದರೂ ಆಧಾರ.

ಹಳಬರು ಇದಕ್ಕೆ ದಾರಿ ಕಂಡುಕೊಂಡಿದ್ದರು. ನಮ್ಮ ಕೈವಾರದ ತಾತಯ್ಯನವರನ್ನೇ, ಅಂದರೆ ಯೋಗಿ ನಾರೇಯಣರನ್ನೇ ನೋಡಿ. ಬಳೆ ಮಾರಿಕೊಂಡು ಊರೂರು ತಿರುಗಿದವರು, ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದವರು. ಪದದ ಕೊನೆಯಲ್ಲಿ ಅಂಕಿತ, ಅಂದರೆ ಕಟ್ಟಿದವರ ಗುರುತಿನ ಹೆಸರು ಬರುತ್ತದೆ. ಯಾರೇ ಹಾಡಲಿ, ಯಾವ ಊರಲ್ಲೇ ಹಾಡಲಿ, ಅಂಕಿತ ಬಂದ ತಕ್ಷಣ ಇದು ತಾತಯ್ಯನವರ ಪದ ಅಂತ ಮಗುವಿಗೂ ಗೊತ್ತು. ಗುರುಪೂರ್ಣಿಮೆಗೆ ಕೈವಾರದಲ್ಲಿ 72 ಗಂಟೆ, ಅಂದರೆ ಮೂರು ಹಗಲು ಮೂರು ರಾತ್ರಿ ಬಿಡದೇ ಹಾಡು ನಡೆಯುತ್ತದಲ್ಲ, ಅಲ್ಲಿ ಹೋಗಿ ಕೂತರೆ ಇದು ತಿಳಿಯುತ್ತದೆ. ದನಿ ಬದಲಾಗುತ್ತದೆ, ತಂಡ ಬದಲಾಗುತ್ತದೆ, ಪದ ಕಟ್ಟಿದವರ ಹೆಸರು ಹಾಗೇ ಇರುತ್ತದೆ. ಈಗಿನ ಪದ ಕಟ್ಟುವವರು ಅಂಕಿತ ಹಾಕುವುದು ಕಡಿಮೆ. ಹಾಗಾಗಿ ಅವರ ಹೆಸರು ಹೇಳುವುದು ನಿರೂಪಕರ ಕೆಲಸ, ಬರೆಯುವುದು ನಿಮ್ಮ ಕೆಲಸ.

ಕೋಲಾರ ಜಿಲ್ಲೆ ಅಂದರೆ (2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಯಿತು, ಆದರೆ ಹಾಡಿಗೆ ಗಡಿ ಬಂದಿಲ್ಲ) ಮೊದಲಿನಿಂದಲೂ ಹಾಡಿನ ಸೀಮೆ. ಎಪ್ಪತ್ತು, ಎಂಬತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ಭಾಷಣಕ್ಕಿಂತ ಮೊದಲು ಜನರನ್ನು ಸೇರಿಸಿದ್ದು ಹಾಡು ಮತ್ತು ತಮಟೆ ಅಂತ ನಮ್ಮ ದೊಡ್ಡಪ್ಪ ಹೇಳುತ್ತಿದ್ದರು. ದಲಿತ ಕವಿ ಸಿದ್ಧಲಿಂಗಯ್ಯನವರ ಮೊದಲ ಕವನ ಸಂಕಲನ 1975ರಲ್ಲಿ ಬಂತು. ಅದನ್ನು ಓದಲು ಬಾರದ ನಮ್ಮ ದೊಡ್ಡಪ್ಪನಿಗೆ ಅದರ ಪದಗಳು ಬಾಯಿಗೆ ಬರುತ್ತಿದ್ದವು. ಕೋಟಿಗಾನಹಳ್ಳಿ ರಾಮಯ್ಯ, ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್, ಹಾಡಿನ ಈ ಹೆಸರುಗಳೆಲ್ಲ ಈ ಮಣ್ಣಿನವರದೇ. ಕೊನೆಯ ಇಬ್ಬರು ಜಾನಪದ ಅಕಾಡೆಮಿಯ ಅಧ್ಯಕ್ಷರಾದವರು. ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ತಮಟೆಗೇ ಪದ್ಮಶ್ರೀ ಬಂತು ಅಂತ ನಾವು ಮಂಡಿಯಲ್ಲಿ ಎಲ್ಲರಿಗೂ ಸ್ವೀಟು ಹಂಚಿದೆವು. ಇಷ್ಟೆಲ್ಲ ಇರುವ ಕಡೆ ಹಾಡಿನ ವಿಮರ್ಶೆಗೆ ಒಂದು ಗೇಣು ಜಾಗ ಇಲ್ಲ ಅಂದರೆ ಹೇಗೆ?

ವಿಮರ್ಶೆ ಅಂದ ತಕ್ಷಣ ದೊಡ್ಡ ವಿದ್ವಾಂಸರೇ ಬರೆಯಬೇಕು ಅಂತ ಇಲ್ಲ. ಜನ ಈಗಾಗಲೇ ಮಾತಾಡುತ್ತಿದ್ದಾರೆ. ಆ ಶಿಡ್ಲಘಟ್ಟದ ಕಾರ್ಯಕ್ರಮ ಮುಗಿದ ಬೆಳಗ್ಗೆ ಮಂಡಿಯ ಪಕ್ಕದ ಟೀ ಅಂಗಡಿಯಲ್ಲಿ ನಡೆದ ಮಾತು ಕೇಳಿ. ನಮ್ಮ ಹಮಾಲಿ ಒಬ್ಬ ಬಂದಿದ್ದ. "ತಮಟೆ ನಿಲ್ಲಿಸಿದ್ರಲ್ಲಾ ಅಣ್ಣಾ, ಅಲ್ಲಿ ಮೈ ಜುಂ ಅಂತು. ಬಾರಿಸೋದು ಎಲ್ರಿಗೂ ಬರುತ್ತೆ, ನಿಲ್ಲಿಸೋದು ಬರಲ್ಲ" ಅಂದ. ಎಂಥ ಮಾತು ನೋಡಿ! ಪಕ್ಕದಲ್ಲಿದ್ದ ಲಾರಿ ಡ್ರೈವರಿಗೆ ಆಕೆ ಆಮೇಲೆ ಹಾಡಿದ ತೆಲುಗು ಪದವೇ ಇಷ್ಟವಾಗಿತ್ತು, ಕನ್ನಡದ್ದು ಸ್ವಲ್ಪ ಎಳೆದರು ಅಂದ. ಭಜನೆ ತಂಡದಲ್ಲಿ ಮೂವತ್ತು ವರ್ಷ ಹಾಡಿದ ಒಬ್ಬ ತಾತ ಇದ್ದಾರೆ. ಅವರು ಒಪ್ಪಲಿಲ್ಲ. "ಎಳೆದಿದ್ದಲ್ಲಪ್ಪ, ನೂಲು ಬಿಚ್ಚೋ ಕೈ ಎಷ್ಟು ನಿಧಾನವೋ ಅಷ್ಟು ನಿಧಾನ. ಆ ಕೆಲಸದ ನಡಿಗೆಯೇ ಆ ಪದದ ನಡಿಗೆ" ಅಂದರು. ಅರ್ಧ ಗಂಟೆ ಇದೇ ಚರ್ಚೆ. ಟೀ ಆರಿಹೋಯಿತು. ಇಂಥ ಮಾತನ್ನು ನಾನು ಯಾವ ಪೇಪರಿನಲ್ಲೂ ಓದಿಲ್ಲ. ಅದೇ ಟೀ ಅಂಗಡಿಯಲ್ಲಿ, 2023ರ ಆಗಸ್ಟಿನಲ್ಲಿ ತೆಲುಗಿನ ಹೋರಾಟದ ಹಾಡುಗಾರ ಗದ್ದರ್ ತೀರಿಕೊಂಡ ಸುದ್ದಿ ಬಂದ ದಿನ, ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು ಹಿಡಿದು ಹಾಡುತ್ತಿದ್ದ ಅವರನ್ನು ನೆನೆದು ಗಂಡಸರು ಕಣ್ಣೊರೆಸಿಕೊಂಡಿದ್ದರು. ಕೋಲಾರದವರಿಗೆ ತೆಲುಗು ಹಾಡಿಗೆ ಅರ್ಥ ಹೇಳುವವರು ಬೇಕಿಲ್ಲ.

ಎದುರಿಗೆ ಕೂತು ಕೇಳುವ ಹಾಡಿನ ಬಗ್ಗೆ ಬರೆಯಬೇಕು ಅನ್ನಲು ಇನ್ನೊಂದು ಕಾರಣ ಇದೆ. ಆ ಹಾಡು ಪ್ರತಿ ಸಲ ಬೇರೆ. ಆ ಅಕ್ಕನ ಪದವನ್ನು ಮೂರು ತಿಂಗಳ ನಂತರ ಇನ್ನೊಂದು ಊರಿನಲ್ಲಿ ಕೇಳಿದೆ. ಮೂರನೇ ನುಡಿ, ಅಂದರೆ ಚರಣ, ಬದಲಾಗಿತ್ತು. ಮೊದಲು ಮಗಳ ಸೀರೆಯ ಮಾತಿತ್ತು, ಈಗ ಗೂಡಿನ ರೇಟು ಬಂದಿತ್ತು. ಕೇಳಿದ್ದಕ್ಕೆ, "ಆ ವಾರ ಗೂಡಿನ ಮಾರ್ಕೆಟ್ಟಲ್ಲಿ ನಡೆದಿದ್ದು ಮನಸ್ಸಲ್ಲಿತ್ತು ಅಣ್ಣಾ, ಬಾಯಿಗೆ ಬಂತು" ಅಂದರು. ಮೊದಲಿನ ನುಡಿ ಈಗ ಆಕೆಗೂ ಪೂರ್ತಿ ನೆನಪಿಲ್ಲ! ಕೇಳಿದ ನಾವು ಬರೆದಿಡದಿದ್ದರೆ ಅದು ಹೋಯಿತು. ಮೊಬೈಲಿನಲ್ಲಿ ಮೂವತ್ತು ಸೆಕೆಂಡ್ ಹಿಡಿದು ಸ್ಟೇಟಸ್ ಹಾಕಿ "ಸೂಪರ್ ಅಕ್ಕ" ಅಂದರೆ ಪ್ರೀತಿ ತೋರಿಸಿದ ಹಾಗಾಯಿತು, ಬೇಡ ಅನ್ನುವುದಿಲ್ಲ. ಆದರೆ ಮಾರನೇ ದಿನ ಅದು ಅಳಿಸಿಹೋಗುತ್ತದೆ.

ಮೈಕಿನ ವಿಷಯವೂ ಒಂದು ಮಾತು ಬರೆಯಲೇಬೇಕು. ಸೌಂಡ್ ಸಿಸ್ಟಂನವರು ಸಿನಿಮಾ ಹಾಡಿಗೆ ಇಟ್ಟ ಎಕೋವನ್ನೇ ಇವರಿಗೂ ಇಡುತ್ತಾರೆ. ಪದ ಕಟ್ಟಿ ಹಾಡುವವರಿಗೆ ಮಾತು ಕೇಳಿಸುವುದೇ ಮುಖ್ಯ. ಎಕೋ ಜಾಸ್ತಿಯಾದರೆ ಒಂದು ಸಾಲು ಇನ್ನೊಂದರ ಮೇಲೆ ಬಿದ್ದು ಬರೀ ಗದ್ದಲ. ಹಿಂದೆ ಕೂತವರು ಎದ್ದು ಹೋಗುತ್ತಾರೆ, ಆಮೇಲೆ "ಜನಕ್ಕೆ ಜಾನಪದ ಬೇಡ" ಅನ್ನುತ್ತಾರೆ. ಅದು ಸುಳ್ಳು. ಕೋಲಾರದ ತೇರಹಳ್ಳಿ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರದಲ್ಲಿ "ಹುಣ್ಣಿಮೆ ಹಾಡು" ಅಂತ ಹುಣ್ಣಿಮೆ ಹುಣ್ಣಿಮೆಗೆ ನಡೆಸಿಕೊಂಡು ಬಂದರಲ್ಲ, ಬೆಟ್ಟ ಹತ್ತಿ ಹೋಗಿ ಕೂತು ಕೇಳಿದವರು ಎಷ್ಟು ಜನ! ಬೆಳದಿಂಗಳಲ್ಲಿ, ಹಾಡುವವರ ಮುಖ ಕಾಣುವಷ್ಟು ಹತ್ತಿರ ಕೂತು ಕೇಳಿದ ಹಾಡು ಮರೆಯುವುದಿಲ್ಲ.

ನಾನು ಕೇಳುವುದು ಇಷ್ಟೇ. ನಿಮ್ಮ ಜಿಲ್ಲಾ ಪುಟದಲ್ಲಿ ವಾರಕ್ಕೆ ಒಂದು ದಿನ ಕೇಳುಗರಿಗೆ ಸ್ವಲ್ಪ ಜಾಗ ಕೊಡಿ. ಹತ್ತು ಸಾಲು ಸಾಕು. ಯಾವ ಊರಲ್ಲಿ ಕೇಳಿದೆವು, ಯಾರು ಹಾಡಿದರು, ಪದ ಕಟ್ಟಿದವರು ಯಾರು, ತಮಟೆ, ದಮ್ಮಡಿ, ಏಕತಾರಿ ಯಾರ ಕೈಯಲ್ಲಿತ್ತು, ಏನು ಮನಸ್ಸಿಗೆ ಹತ್ತಿತು, ಏನು ಹತ್ತಲಿಲ್ಲ. ಹೊಗಳಿಕೆಯೇ ಬೇಕು ಅಂತಿಲ್ಲ, ಆ ಲಾರಿ ಡ್ರೈವರ್ ಹೇಳಿದ ಹಾಗೆ ಎಳೆದರು ಅಂತಲೂ ಬರೆಯಲಿ. ತಪ್ಪು ಒಪ್ಪು ನಿಮ್ಮವರು ತಿದ್ದಲಿ. ವರದಿಗಾರರಿಗೂ ಒಂದು ಮಾತು ಹೇಳಿ, ಗಣ್ಯರ ಹೆಸರು ಬರೆಯುವಾಗ ಹಾಡಿದವರ ಹೆಸರೂ ಕೇಳಿಕೊಳ್ಳಲಿ. ಕಾರ್ಯಕ್ರಮದ ಕೊನೆಯವರೆಗೆ ಕೂರಲು ಆಗದಿದ್ದರೆ ನಮ್ಮಂಥವರಿಗೆ ಫೋನ್ ಮಾಡಲಿ, ನಾವು ಹೇಗೂ ಅಲ್ಲೇ ಇರುತ್ತೇವೆ.

ಶಿಡ್ಲಘಟ್ಟದ ಆ ರಾತ್ರಿಯ ಬಗ್ಗೆ ಹತ್ತು ಸಾಲು ಬೇರೆ ಹಾಳೆಯಲ್ಲಿ ಬರೆದು ಇದರ ಜೊತೆ ಇಟ್ಟಿದ್ದೇನೆ. ಆ ಅಕ್ಕನಿಗೆ ಓದಿ ಹೇಳಿ, ಹೆಸರು ಹಾಕಬಹುದಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಇದ್ದು, "ತಮಟೆ ಹುಡುಗರದ್ದೂ ಹಾಕಿಸಿ ಅಣ್ಣಾ" ಅಂದರು. ಮೂವರ ಹೆಸರೂ ಬರೆದಿದ್ದೇನೆ.

ಇಂತಿ,
ಹಾಡು ಕೇಳುವವನು, ಕೋಲಾರ